ಕೆಂಪು ಮಣ್ಣಿಗೆ ‘ಖರಾಬು’ ಎಂದು ಹೆಸರಿಟ್ಟವರು

ಕನ್ನಡ ಶಾಲೆಯಲ್ಲಿ ಭೂಗೋಳ ಓದಿದವರಿಗೆಲ್ಲ ಕೆಂಪು ಮಣ್ಣಿನ ಪಾಠ ನೆನಪಿರುತ್ತದೆ. ಉತ್ತರದಲ್ಲಿ ‘ಕಡಿಮೆ’ ಎಂಬ ಮಾತು ನಾಲ್ಕು ಸಲ ಬಂದರೆ ಪೂರ್ತಿ ಅಂಕ: ಸಾರಜನಕ ಕಡಿಮೆ, ರಂಜಕ ಕಡಿಮೆ, ಸಾವಯವ ಅಂಶ ಕಡಿಮೆ, ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಪಕ್ಕದಲ್ಲೇ ಎರೆಮಣ್ಣು, ಅಂದರೆ ಕಪ್ಪು ಮಣ್ಣು. ಅದು ಫಲವತ್ತಾದದ್ದು, ತೇವ ಹಿಡಿಯುವಂಥದ್ದು, ಹತ್ತಿಗೆ ಹೇಳಿ ಮಾಡಿಸಿದ್ದು. ಪಾಠ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಕೆಂಪು ಮಣ್ಣಿನ ಪಾಠ ಎನ್ನಲಾಗದು. ಎರೆಮಣ್ಣನ್ನು ಅಳತೆಗೋಲು ಮಾಡಿಕೊಂಡು ಕೆಂಪು ಮಣ್ಣಿನ ಕೊರತೆಗಳನ್ನು ಪಟ್ಟಿ ಮಾಡಿದ ಲೆಕ್ಕ ಅದು.

ಒಂದೇ ಗುಣವನ್ನು ಎರಡು ಥರ ಹೇಳಬಹುದು. ‘ಈ ಮಣ್ಣು ನೀರು ಹಿಡಿಯುವುದಿಲ್ಲ’ ಎನ್ನಬಹುದು. ‘ಈ ಮಣ್ಣಿನಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ’ ಎಂದೂ ಹೇಳಬಹುದು. ಬಸಿಯುವುದು ಎಂದರೇನೆಂದು ಮೈಸೂರು ಸೀಮೆಯ ಅಡುಗೆಮನೆಗೆ ವಿವರಿಸಬೇಕಾಗಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ, ಬಸ್ಸಾರು ಆಗುವುದೇ ಅದರಿಂದ. ಬೆಂದ ಸೊಪ್ಪುಕಾಳು ಪಲ್ಯಕ್ಕೆ, ಬಸಿದ ನೀರು ಸಾರಿಗೆ. ಕೆಂಪು ನೆಲದ ಬೇಸಾಯವೂ ಹೀಗೇ ನಡೆದುಕೊಂಡು ಬಂತು. ಹೊಲ ಹಿಡಿದಷ್ಟು ತೇವ ರಾಗಿಗೆ, ಬಸಿದ ನೀರು ಬಾವಿಗೆ, ಹರಿದ ನೀರು ಕೆರೆಗೆ. ಬಸಿದ ನೀರನ್ನು ‘ಹೋದ ನೀರು’ ಎಂದು ಲೆಕ್ಕ ಬರೆದವರು ಮೊದಲು ಮಣ್ಣನ್ನು ಕೆಟ್ಟದ್ದೆಂದರು, ಆಮೇಲೆ ಆ ನೆಲವನ್ನು ಬೇರೆಯವರಿಗೆ ಕೊಟ್ಟರು. ಹೆಸರಿಡುವುದಕ್ಕೂ ಕೊಡುವುದಕ್ಕೂ ಇರುವ ನಂಟನ್ನು ಬಿಡಿಸಿ ನೋಡದೆ ಈ ಮಣ್ಣಿನ ಕಥೆ ತಿಳಿಯುವುದಿಲ್ಲ.

ಮೊದಲು ಮಣ್ಣಿನ ಹುಟ್ಟು. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಗೋಪುರದ ಬುಡದ ಬಂಡೆಯನ್ನು ಒಮ್ಮೆಯಾದರೂ ಹತ್ತಿರುತ್ತಾರೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಕಲ್ಲನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ಅಂಥದೇ ಹರಳುಗಟ್ಟಿದ ಕಲ್ಲು, ಅಂದರೆ ಗ್ರಾನೈಟ್ ಮತ್ತು ಪಟ್ಟೆಪಟ್ಟೆಯ ನೈಸ್ ಶಿಲೆ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರಗಳ ಅಡಿಯಲ್ಲಿ ಹಾಸಿಕೊಂಡಿದೆ. ಗಡಿ ದಾಟಿ ಅನಂತಪುರಕ್ಕೂ ಕೃಷ್ಣಗಿರಿಗೂ ಹೋಗುತ್ತದೆ. ಹೈದರಾಬಾದಿನಲ್ಲಿರುವ ಕನ್ನಡಿಗರು ಬಂಜಾರಾ ಹಿಲ್ಸಿನಲ್ಲಿ ದಿನಾ ನೋಡುವ ದೊಡ್ಡ ಗುಂಡುಗಳೂ ಗ್ರಾನೈಟೇ. ಮಳೆ, ಬಿಸಿಲು, ಬೇರು ಸೇರಿ ಈ ಕಲ್ಲನ್ನು ಲಕ್ಷಾಂತರ ವರ್ಷ ಕೊಳೆಸಿದಾಗ ಅದರೊಳಗಿನ ಒಂದೊಂದು ಖನಿಜವೂ ಒಂದೊಂದು ದಾರಿ ಹಿಡಿಯುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಕಪ್ಪು ಕಾಗೆಬಂಗಾರದೊಳಗಿನ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಬೆಣಚುಕಲ್ಲು ಮಾತ್ರ ಕರಗದೆ ಮರಳಾಗಿ ಉಳಿಯುತ್ತದೆ. ಕೆಂಪು ಮಣ್ಣೆಂದರೆ ಈ ಮೂರರ ಮಿಶ್ರಣ.

ಇದರ ಜೇಡಿ ಎರೆಮಣ್ಣಿನ ಜೇಡಿಯಂಥದಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಕೆಂಪು ಮಣ್ಣಿನ ಜೇಡಿ ಹೆಚ್ಚು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಗೊಬ್ಬರದ ಸತ್ವವನ್ನೂ ಅದು ಬಹಳ ಹೊತ್ತು ಹಿಡಿದಿಡುವುದಿಲ್ಲ. ಮರಳಿನ ಪಾಲು ಹೆಚ್ಚಿರುವುದರಿಂದ ನೀರು ಇಳಿದುಹೋಗುತ್ತದೆ. ಮಳೆ ನಿಂತ ಮರುದಿನವೇ ನೇಗಿಲು ಕಟ್ಟಬಹುದು. ಎರೆ ಹೊಲಕ್ಕೆ ಅಷ್ಟು ಬೇಗ ಕಾಲಿಟ್ಟರೆ ಮೆಟ್ಟಿನ ಸಮೇತ ಹೂತುಹೋಗಬೇಕಾದೀತು.

ಇನ್ನು ಆಳ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆಯ ವರ್ಗೀಕರಣದಲ್ಲಿ 25ರಿಂದ 50 ಸೆಂಟಿಮೀಟರ್ ಆಳದ ಮಣ್ಣಿಗೆ ‘ತೆಳು ಮಣ್ಣು’ ಎಂಬ ಹೆಸರು. ಊರಿನ ಅಳತೆಯಲ್ಲಿ ಹೇಳುವುದಾದರೆ ಒಂದು ಗೇಣಿಗಿಂತ ತುಸು ಹೆಚ್ಚಿನಿಂದ ಹಿಡಿದು ಸುಮಾರು ಒಂದು ಮೊಳದವರೆಗೆ. ಕೆಂಪು ನೆಲದ ದಿಣ್ಣೆಗಳಲ್ಲಿ, ಬೆಟ್ಟದ ಬುಡಗಳಲ್ಲಿ ಮಣ್ಣು ಇರುವುದು ಇಷ್ಟೇ. ಅದರ ಕೆಳಗೆ ಗರಸು, ಗರಸಿನ ಕೆಳಗೆ ಕೈಯಲ್ಲಿ ಪುಡಿಯಾಗುವಷ್ಟು ಕೊಳೆತ ಕಲ್ಲು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ, ಕೊನೆಗೆ ಬಿರುಕಿಲ್ಲದ ಬಂಡೆ.

ಈ ಆಳದ ಅರ್ಥ ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ದಕ್ಕುವಂಥ ನೀರನ್ನು ಹೆಚ್ಚೆಂದರೆ 100ರಿಂದ 120 ಮಿಲಿಮೀಟರಿನಷ್ಟು ಇಟ್ಟುಕೊಳ್ಳುತ್ತದೆ. ಅರ್ಧ ಮೀಟರ್ ಆಳವಿದ್ದರೆ 50ರಿಂದ 60 ಮಿಲಿಮೀಟರ್. ಚೆನ್ನಾಗಿ ಬೆಳೆದು ನಿಂತ ಪೈರು ದಿನಕ್ಕೆ ಸುಮಾರು 5 ಮಿಲಿಮೀಟರ್ ಕುಡಿಯುತ್ತದೆ. ಅಲ್ಲಿಗೆ ಹತ್ತು ಹನ್ನೆರಡು ದಿನದ ಗಂಟು. ಹದಿನೈದು ದಿನ ಮಳೆ ಕೈಕೊಟ್ಟರೆ ಪೈರು ಬಾಡಲೇಬೇಕು. ಆಳವಾದ ಎರೆಮಣ್ಣಿನಲ್ಲಿ ಇದರ ಮೂರು ನಾಲ್ಕು ಪಟ್ಟು ನೀರಿರುತ್ತದೆ. ಆದ್ದರಿಂದಲೇ ಅಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತಿದ ಬಿಳಿಜೋಳವೂ ಕಡಲೆಯೂ ಬರೀ ನೆಲದ ತೇವದಲ್ಲಿ ಬೆಳೆಯುತ್ತವೆ. ಎರೆಯ ರೈತನದು ಬ್ಯಾಂಕಿನ ಖಾತೆ, ಕೆಂಪು ನೆಲದ ರೈತನದು ದಿನಗೂಲಿ. ದಿನಗೂಲಿಯವನ ಮನೆ ನಡೆಸುವ ಜಾಣತನವೇ ಬೇರೆ. ಖಾತೆಯಲ್ಲಿ ದುಡ್ಡಿಲ್ಲ ಎಂದು ಅವನನ್ನು ಕೆಲಸಕ್ಕೆ ಬಾರದವನೆಂದು ಬರೆದರೆ ತಪ್ಪು ಬರೆದವನದು.

ಆ ಜಾಣತನ ಎಂಥದ್ದು? ಕೆಂಪು ಮಣ್ಣಿಗೆ ಒಂದು ವಿಚಿತ್ರ ಸ್ವಭಾವವಿದೆ. ಒಳಗೆ ಇಳಿದ ನೀರನ್ನು ಸರಾಗವಾಗಿ ಬಿಟ್ಟುಕೊಡುವ ಈ ಮಣ್ಣು, ಬೋಳಾಗಿದ್ದರೆ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ದಪ್ಪ ಹನಿ ಬಿದ್ದು ಮೇಲಿನ ಕಣಗಳು ಒಡೆದು ರಂಧ್ರ ಮುಚ್ಚಿಕೊಳ್ಳುತ್ತವೆ. ಬಿಸಿಲು ಬಂದರೆ ಅದು ಚಕ್ಕೆ ಕಟ್ಟಿ, ಮೊಳಕೆಯೂ ತಲೆ ಎತ್ತಲಾರದಷ್ಟು ಗಟ್ಟಿಯಾಗುತ್ತದೆ. ಮುಂದಿನ ಮಳೆ ಅದರ ಮೇಲೆ ಜಾರಿ, ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ನೆಲಕ್ಕೆ ಹೊದಿಕೆ ಬೇಕು, ಕುಂಟೆ ಬೇಕು, ಗೊಬ್ಬರ ಬೇಕು. ಅಕ್ಕಡಿ ಸಾಲು ಮಾಡುತ್ತಿದ್ದದ್ದು ಇದನ್ನೇ. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ. ಒಂದರ ಬೇರು ಮೇಲೆ, ಇನ್ನೊಂದರದು ಗರಸಿನ ಸಂದಿಗೆ. ಒಂದು ಬೇಗ ಕೊಯ್ಲಿಗೆ ಬರುತ್ತದೆ, ಇನ್ನೊಂದು ಹಿಂದಿನ ಮಳೆ ಕಾಯುತ್ತದೆ. ಅವರೆ ತೊಗರಿಗಳು ಸಾರಜನಕವನ್ನು ಗಾಳಿಯಿಂದ ತಂದು ಮಣ್ಣಿಗೆ ಸೇರಿಸುತ್ತವೆ. ಬಿತ್ತನೆ ತಡವಾದರೆ ಹುರಳಿ ಇತ್ತು. ಎರಡು ವಾರ ಬಾಡಿದ ರಾಗಿ ಒಂದು ಹದ ಮಳೆಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಪಠ್ಯಪುಸ್ತಕದ ನಾಲ್ಕು ‘ಕಡಿಮೆ’ಗಳಲ್ಲಿ ಒಂದೊಂದಕ್ಕೂ ಹೊಲದಲ್ಲಿ ಒಂದೊಂದು ಉತ್ತರವಿತ್ತು.

ಉಳಿದ ಉತ್ತರ ಕೆರೆಯಲ್ಲಿತ್ತು. ದಿಣ್ಣೆಯಿಂದ ಕೊಚ್ಚಿಹೋದ ಜೇಡಿ ಹೋಗಿ ಕೂರುವುದು ತಗ್ಗಿನಲ್ಲಿ. ಹಾಗಾಗಿ ಒಂದೇ ಗ್ರಾನೈಟಿನ ಮೇಲೆ, ಒಂದೇ ಊರಿನಲ್ಲಿ, ಮೇಲ್ಗಡೆ ತೆಳು ಕೆಂಪು ಮಣ್ಣೂ ಕೆಳಗಡೆ ಗದ್ದೆಗೆ ಆಗುವ ಭಾರದ ಮಣ್ಣೂ ಇರುತ್ತವೆ. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಯುವುದೆಂದರೆ ದಿಣ್ಣೆ ಕಳೆದುಕೊಂಡ ಜೇಡಿಯನ್ನು ಗಾಡಿಯಲ್ಲಿ ಹಿಂದಕ್ಕೆ ಕೊಂಡೊಯ್ಯುವುದು. ಕೆರೆಗೆ ಹೂಳು ತೆಗೆದಂತಾಯಿತು, ಹೊಲಕ್ಕೆ ನೀರು ಹಿಡಿಯುವ ಶಕ್ತಿ ಸೇರಿದಂತಾಯಿತು. ದಿಣ್ಣೆ, ಹೊಲ, ಗದ್ದೆ, ಕೆರೆ ಎಲ್ಲ ಸೇರಿ ಒಂದು ಮಣ್ಣು. ಇದರಲ್ಲಿ ದಿಣ್ಣೆಯನ್ನಷ್ಟೇ ಕತ್ತರಿಸಿ ತೆಗೆದು ‘ಇದು ಸತ್ವವಿಲ್ಲದ್ದು’ ಎನ್ನುವುದು, ಪಲ್ಯವನ್ನು ಪಕ್ಕಕ್ಕಿಟ್ಟು ಸಾರಿನಲ್ಲಿ ಸೊಪ್ಪೇ ಇಲ್ಲ ಎಂದ ಹಾಗೆ.

ಊರಿನವರು ಮಣ್ಣಿಗೆ ಇಟ್ಟ ಹೆಸರುಗಳಲ್ಲಿ ಈ ತಿಳಿವಳಿಕೆ ಇತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ರೈತರ ಬಾಯಿಂದ ಎರೆ, ಕೆಬ್ಬೆ, ಮರಳು ಎಂಬ ಹೆಸರುಗಳನ್ನು ಕೇಳಿ ಬರೆದುಕೊಂಡ. ಕೊಪ್ಪಳ, ಬಳ್ಳಾರಿ ಕಡೆ ಕೆಂಪು ನೆಲಕ್ಕೆ ಮಸಾರಿ ಎನ್ನುತ್ತಾರೆ. ತೆಲಂಗಾಣದಲ್ಲಿ ಚಲ್ಕ, ತಮಿಳಿನಲ್ಲಿ ಸೆಮ್ಮಣ್. ಪುಣೆಯ ಕಲ್ಲು ಬೇರೆ, ಅಲ್ಲಿನದು ಲಾವಾ ಹೆಪ್ಪುಗಟ್ಟಿದ ಕರಿಗಲ್ಲು. ಆದರೂ ಕೊಳೆತ ಕಲ್ಲಿನ ಮೇಲಿನ ತೆಳು ನೆಲಕ್ಕೆ ಅಲ್ಲಿನವರು ಮುರೂಮ್ ಎಂಬ ಮಾತು ಸೇರಿಸಿ ಹೇಳುತ್ತಾರೆ, ಹುಲ್ಲುಗಾವಲಿಗೆ ಮಾಳರಾನ್ ಎನ್ನುತ್ತಾರೆ. ಗೋಮಾಳದ ‘ಮಾಳ’ವೇ ಅಲ್ಲಿಯೂ ಕೇಳಿಸುತ್ತದೆ. ಈ ಹೆಸರುಗಳು ಬಣ್ಣ ಹೇಳುತ್ತವೆ, ಮರಳೋ ಜೇಡಿಯೋ ಹೇಳುತ್ತವೆ, ಎತ್ತರವೋ ತಗ್ಗೋ ಹೇಳುತ್ತವೆ. ಯಾವುದೂ ಮಣ್ಣಿಗೆ ಬೈಯುವುದಿಲ್ಲ.

ಬಿತ್ತದೆ ಬಿಟ್ಟ ನೆಲಕ್ಕೂ ಕನ್ನಡದಲ್ಲಿ ಒಳ್ಳೆಯ ಮಾತಿದೆ, ‘ಬೀಳು’. ಬೀಳು ಬಿಡುವುದು ರೈತ ಮಾಡುವ ಕೆಲಸ. ಈ ವರ್ಷ ಬೀಳು ಬಿಟ್ಟದ್ದನ್ನು ಬರುವ ವರ್ಷ ಉಳಬಹುದು. ಅದರೊಳಗೆ ಕಾಲ ಇದೆ, ಕರ್ತೃ ಇದ್ದಾನೆ. ‘ಖರಾಬು’ ಎಂಬ ಮಾತಿನಲ್ಲಿ ಎರಡೂ ಇಲ್ಲ. ಹಾಳು, ಕೆಟ್ಟದ್ದು ಎಂಬ ಅರ್ಥದ ಅರಬ್ಬಿ ಪದ ಪಾರಸಿಯ ಮೂಲಕ ಕಂದಾಯದ ದಫ್ತರಕ್ಕೆ ಬಂದು ನೆಲದ ಜಾತಿಯಾಗಿ ಕೂತುಬಿಟ್ಟಿತು. ಯಾರು ಕೆಡಿಸಿದರು, ಯಾವಾಗ ಕೆಟ್ಟಿತು, ಯಾವ ಕೆಲಸಕ್ಕೆ ಕೆಟ್ಟದ್ದು ಎಂದು ಅದು ಹೇಳುವುದಿಲ್ಲ. ಪಹಣಿಯಲ್ಲಿ ಇವತ್ತಿಗೂ ‘ಎ ಖರಾಬು’, ‘ಬಿ ಖರಾಬು’ ಎಂಬ ಕಾಲಮ್ಮುಗಳಿವೆ. ‘ಎ’ ಎಂದರೆ ಸಾಗುವಳಿಗೆ ಆಗದ ಜಾಗ. ‘ಬಿ’ ಎಂದರೆ ರಸ್ತೆ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಕುರಿ ಮೇಯುವ ಬಂಡೆಯ ಅಂಚು ಎಂಬುದೂ, ಊರಿನವರೆಲ್ಲ ನೀರು ಕುಡಿಯುವ ಕೆರೆ ಎಂಬುದೂ ದಫ್ತರದ ಭಾಷೆಯಲ್ಲಿ ಖರಾಬೇ. ಕಂದಾಯ ಬಾರದ್ದೆಲ್ಲ ಕೆಟ್ಟದ್ದು ಎಂಬ ಒಂದೇ ನ್ಯಾಯ ಅದರ ಹಿಂದಿದೆ.

ಬ್ರಿಟಿಷರು ಹೋದರು, ನ್ಯಾಯ ಉಳಿಯಿತು. 1985ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿತು. ಆಮೇಲೆ ಉಪಗ್ರಹದ ಚಿತ್ರ ನೋಡಿ ದೇಶದ ಬಂಜರು ಭೂಮಿಯ ನಕಾಶೆ ಮಾಡುವ ಕೆಲಸ ಶುರುವಾಯಿತು. 2019ರ ನಕಾಶೆಯ ಪ್ರಕಾರ ದೇಶದ ಸುಮಾರು 17 ಶೇಕಡಾ ನೆಲ ಬಂಜರು. ಅದರಲ್ಲಿ ಕುರುಚಲು ಗಿಡದ ನೆಲಕ್ಕೇ ಪ್ರತ್ಯೇಕ ವರ್ಗಗಳಿವೆ. ಉಪಗ್ರಹಕ್ಕೆ ಹಸಿರು ಕಂಡರೆ ಕಾಡು ಅಥವಾ ಬೆಳೆ, ಕಾಣದಿದ್ದರೆ ಬಂಜರು. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಇಂಥದೇ ಹುಲ್ಲು ನೆಲದ ಮೇಲೆ ಕೃಷ್ಣಮೃಗಗಳ ದೊಡ್ಡ ಹಿಂಡು ಬದುಕಿದೆ, ಅದಕ್ಕೆ ಜಯಮಂಗಲಿ ಸಂರಕ್ಷಿತ ಪ್ರದೇಶವೆಂಬ ಹೆಸರೂ ಸಿಕ್ಕಿದೆ. ಜಿಂಕೆ ಕಾಣುವ ತನಕ ಬಂಜರು, ಕಂಡ ಮೇಲೆ ಸಂರಕ್ಷಿತ. ನೆಲ ಎರಡೂ ಹೊತ್ತು ಒಂದೇ.

ಹೆಸರು ಬರೀ ಹೆಸರಾಗಿ ಉಳಿದಿದ್ದರೆ ಜಗಳವೇ ಇರಲಿಲ್ಲ. 1980ರ ದಶಕದಲ್ಲಿ ಕರ್ನಾಟಕ ಸರ್ಕಾರ ಒಂದು ಕಾಗದ-ನಾರು ಉದ್ಯಮದ ಜತೆ ಸೇರಿ ಕಂಪನಿ ಮಾಡಿ, ‘ಸಿ’ ಮತ್ತು ‘ಡಿ’ ದರ್ಜೆಯ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿ ಬೆಳೆಸಲು ಗೊತ್ತು ಮಾಡಿತು. ದರ್ಜೆಯ ಅಕ್ಷರದಲ್ಲೇ ತೀರ್ಪಿತ್ತು. ಆ ನೆಲದಲ್ಲಿ ದನ ಮೇಯುತ್ತಿದ್ದವು, ಸೌದೆ ಸಿಗುತ್ತಿತ್ತು, ಅದಕ್ಕೆ ದರ್ಜೆಯ ಲೆಕ್ಕದಲ್ಲಿ ಜಾಗವಿರಲಿಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ರೈತರು ಸಾಂಕೇತಿಕವಾಗಿ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂದು ಆ ಸತ್ಯಾಗ್ರಹ ಹೆಸರಾಯಿತು. ಕುಸನೂರಿನ ಮಣ್ಣು ಕೋಲಾರದ ಗ್ರಾನೈಟ್ ಮಣ್ಣಲ್ಲ, ಆದರೆ ದರ್ಜೆ ಹಚ್ಚಿ ಕಿತ್ತುಕೊಳ್ಳುವ ಕ್ರಮ ಎರಡೂ ಕಡೆ ಒಂದೇ. ಕೋಲಾರದಲ್ಲಿ ರೈತರೇ ನೀಲಗಿರಿ ನೆಟ್ಟರು. ನೆಲ ಹೇಗೂ ಬರಡು, ಗಿಡವಾದರೂ ಬೆಳೆಯಲಿ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. 1990ರ ದಶಕದಲ್ಲಿ ಹೊಸಕೋಟೆ ಬಳಿ ಅಳೆದು ನೋಡಿದಾಗ ಆಳದ ಮಣ್ಣಿನಲ್ಲಿ ನಿಂತ ನೀಲಗಿರಿ ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿತ್ತು. ಬೇರು ಕೆಳಕ್ಕಿಳಿದು ಹಳೆಯ ತೇವವನ್ನು ಹೀರಿತ್ತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದು ಆದೇಶ ಹೊರಡಿಸಿತು. ಅಷ್ಟು ಹೊತ್ತಿಗೆ ಮೂರು ದಶಕದ ನೀರು ಮುಗಿದಿತ್ತು.

ನೀಲಗಿರಿ ಹೋದ ದಾರಿಯಲ್ಲೇ ಬೇರೆಯವೂ ಬಂದವು. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರು, ಕಂಬಳಿ ನೇಯುವವರು ಬೇಲಿಯ ಹೊರಗೆ ನಿಂತರು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿತು. ಅಲ್ಲಿ ನೆಲ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಸತತ ಬರ ಕಂಡ ರೈತನಿಗೆ ಅದು ನಿಜವಾದ ಆಸರೆ, ಅದನ್ನು ಬೇಡವೆನ್ನುವ ಹಕ್ಕು ಊರು ಬಿಟ್ಟವರಿಗಿಲ್ಲ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ನೆಲವಿಲ್ಲದವರಿಗೆ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಿಲ್ಲ. ‘ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ’ ಎಂಬ ಒಂದು ವಾಕ್ಯ ಅವರನ್ನೆಲ್ಲ ಲೆಕ್ಕದಿಂದ ಕೈಬಿಟ್ಟಿತು.

ಇನ್ನೊಂದು ದಂಧೆಗೆ ನೆಲ ಬೇಕಾಗಿಲ್ಲ, ಮಣ್ಣೇ ಸಾಕು. ನದಿಯ ಮರಳಿಗೆ ತಡೆ ಬಿದ್ದ ಮೇಲೆ ಬೆಂಗಳೂರಿನ ಸುತ್ತ ‘ಫಿಲ್ಟರ್ ಮರಳು’ ಎಂಬ ಮಾತು ಹುಟ್ಟಿತು. ಹೊಲದ, ಕೆರೆಯಂಗಳದ ಮಣ್ಣನ್ನು ತೋಡಿ, ಪಂಪಿನ ನೀರಿನಲ್ಲಿ ತೊಳೆದು, ಜೇಡಿಯನ್ನು ಕೆಸರಾಗಿ ಹರಿಯಬಿಟ್ಟು, ಉಳಿದ ಮರಳನ್ನು ಲಾರಿಗೆ ತುಂಬುವುದು. ಗ್ರಾನೈಟ್ ಮಣ್ಣಾಗಲು ತೆಗೆದುಕೊಂಡ ಕಾಲವನ್ನು ಒಂದು ರಾತ್ರಿಯಲ್ಲಿ ಹಿಂದಕ್ಕೆ ಓಡಿಸುವ ಕೆಲಸ ಇದು. ಒಂದು ಸೆಂಟಿಮೀಟರ್ ಮಣ್ಣಾಗಲು ನೂರಾರು ವರ್ಷ ಬೇಕು. ಒಂದು ಮೊಳ ಮಣ್ಣಿನ ಹೊಲ ಒಂದು ಅಪಾರ್ಟ್‌ಮೆಂಟಿನ ಗೋಡೆಗೆ ಸಿಮೆಂಟಿನ ಜತೆ ಸೇರಿ ಹೋಗುತ್ತದೆ. ಇದು ಕಾನೂನುಬಾಹಿರ, ಆಗಾಗ ದಾಳಿಯೂ ನಡೆಯುತ್ತದೆ. ಕಾನೂನಿನ ಪ್ರಕಾರವೇ ಹೋಗುವುದೂ ಕಡಿಮೆಯಿಲ್ಲ. ರಸ್ತೆಗೂ ಕಟ್ಟಡದ ತಳಪಾಯಕ್ಕೂ ತುಂಬುವ ಮಣ್ಣು ಸರ್ಕಾರದ ಪಟ್ಟಿಯಲ್ಲಿ ಒಂದು ‘ಉಪಖನಿಜ’. ಗರಸಿನ ದಿಣ್ಣೆಯನ್ನು ರಾಜಧನ ಕಟ್ಟಿ ಸಾಗಿಸಬಹುದು.

ಗರಸು ಹೋದರೆ ಹೋಗಲಿ, ಅದರಲ್ಲಿ ಏನು ಬೆಳೆಯುತ್ತದೆ ಎನ್ನುವವರಿಗೆ ಬಾವಿಯ ಕಥೆ ಹೇಳಬೇಕು. ಈ ಬಂಡೆಯ ನಾಡಿನಲ್ಲಿ ನೀರು ನಿಲ್ಲುವುದೇ ಗರಸು ಮತ್ತು ಕೊಳೆತ ಕಲ್ಲಿನ ಪದರದಲ್ಲಿ. ತೆಳು ಮಣ್ಣು ನೀರನ್ನು ಬೇಗ ಬಸಿದುಕೊಡುವುದರಿಂದಲೇ ಆ ಪದರ ತುಂಬುತ್ತದೆ. ಹಳೆಯ ತೆರೆದ ಬಾವಿಗಳು ಇಳಿದದ್ದು ಅಲ್ಲಿಯವರೆಗೆ. ಅದರ ಕೆಳಗಿನ ಬಿರುಕುಗಳು ಮೇಲುಗಡೆ ಹೆಚ್ಚು, ಆಳಕ್ಕೆ ಹೋದಂತೆ ಅಪರೂಪ. ಹೈದರಾಬಾದಿನ ಹತ್ತಿರದ ಮಹೇಶ್ವರಂನಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ವರ್ಷಗಟ್ಟಲೆ ನೋಡಿ ಹೇಳಿದ್ದೂ ಇದನ್ನೇ. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಹುಡುಕುತ್ತಿರುವುದು ಬಂಡೆಯೊಳಗಿನ ಅಪರೂಪದ ಬಿರುಕನ್ನು. ಮೇಲಿನ ಪಾತ್ರೆ ಖಾಲಿಯಾದ ಮೇಲೆ ಒಲೆಯ ಕಲ್ಲು ಅಗೆದರೆ ಸಾರು ಸಿಕ್ಕೀತೆ? ಬೋರು ಬತ್ತಿದಾಗ ಬೈಗುಳ ಬೀಳುವುದು ಮತ್ತೆ ‘ಬರಡು ನೆಲ’ಕ್ಕೆ.

ವಿಜ್ಞಾನವೂ ಇಲ್ಲಿ ಒಂದು ಪಾಠ ಕಲಿತಿದೆ. 1972ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಶುರುವಾಯಿತು. ಒಂದೇ ಆವರಣದಲ್ಲಿ ಎರೆಯೂ ಕೆಂಪೂ ಎರಡೂ ಇವೆ. ಎರೆಮಣ್ಣಿಗೆ ಅಗಲವಾದ ಏರುಮಡಿ, ನಡುವೆ ಕಾಲುವೆ ಮಾಡುವ ಪದ್ಧತಿ ಅಲ್ಲಿ ಒಳ್ಳೆಯ ಇಳುವರಿ ಕೊಟ್ಟಿತು. ಅದನ್ನೇ ಕೆಂಪು ಮಣ್ಣಿನಲ್ಲಿ ಮಾಡಿ ನೋಡಿದಾಗ ಅಂಥ ಲಾಭ ಬರಲಿಲ್ಲ. ಸಮತಟ್ಟು ಸಾಗುವಳಿಗಿಂತ ಹೆಚ್ಚು ನೀರೂ ಮಣ್ಣೂ ಹರಿದುಹೋದವು. ಒಂದು ಬೇಲಿಯ ಒಳಗಿನ ಎರಡು ಮಣ್ಣಿಗೇ ಒಂದು ಮದ್ದು ಹಿಡಿಯಲಿಲ್ಲ ಎಂದ ಮೇಲೆ ದೇಶಕ್ಕೆಲ್ಲ ಒಂದೇ ಮದ್ದು ಬರೆಯುವವರು ಸ್ವಲ್ಪ ಯೋಚಿಸಬೇಕಿತ್ತು.

ಯೋಚಿಸಿದಂತೆ ಕಾಣುವುದಿಲ್ಲ. 2015ರ ಫೆಬ್ರವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯನ್ನು ತೆಗೆದುಕೊಳ್ಳಿ. ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಆಳ ಇಲ್ಲ. ನೀರು ಎಷ್ಟು ಹಿಡಿಯುತ್ತದೆ ಎಂಬುದಿಲ್ಲ. ಮಾದರಿ ತೆಗೆಯುವುದು ಮೇಲಿನ ಒಂದು ಗೇಣಿನಿಂದ. ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ, ಅಂದರೆ 25 ಎಕರೆಗೆ ಒಂದು ಮಾದರಿ. ಕೆಂಪು ನೆಲದಲ್ಲಿ 25 ಎಕರೆ ಎಂದರೆ ಬಂಡೆಯಿಂದ ಗದ್ದೆಯವರೆಗೆ ನಾಲ್ಕು ಬಗೆಯ ಮಣ್ಣು. ಮೊಳದಷ್ಟು ಮಣ್ಣಿರುವವನಿಗೂ ಆಳಿನೆತ್ತರ ಮಣ್ಣಿರುವವನಿಗೂ ಒಂದೇ ಕಾರ್ಡು, ಒಂದೇ ಗೊಬ್ಬರದ ಚೀಟಿ. ಹತ್ತು ದಿನದ ನೀರಿರುವ ಹೊಲಕ್ಕೆ ಯೂರಿಯಾ ಸುರಿದರೆ ಪೈರು ಕುಡಿಯುವ ಮುಂಚೆ ಅದೂ ಬಸಿದುಹೋಗುತ್ತದೆ ಎಂಬುದನ್ನು ಚೀಟಿ ಹೇಳುವುದಿಲ್ಲ. ಅಳೆಯಲು ಬಾರದ ಕಾಲವೇನೂ ಇದಲ್ಲ. ಕರ್ನಾಟಕದಲ್ಲೇ ಸುಜಲಾ ಯೋಜನೆಯ ಮೂರನೆಯ ಹಂತದಲ್ಲಿ ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಗರಸಿನ ಪ್ರಮಾಣ, ಇಳಿಜಾರು ಗುರುತಿಸಿದ ನಕಾಶೆಗಳು ತಯಾರಾಗಿವೆ. ತಿಳಿದಿದೆ. ತಿಳಿದದ್ದು ರೈತನ ಕೈಯಲ್ಲಿರುವ ಚೀಟಿಗೆ ಬಂದಿಲ್ಲ.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ರೈತರೇ ತಮ್ಮ ಹೊಲವನ್ನು ಬರಡು ಎನ್ನುತ್ತಾರಲ್ಲ, ಮಕ್ಕಳನ್ನು ಬೆಂಗಳೂರಿಗೋ ಮುಂಬೈಗೋ ಕಳಿಸಿದ್ದಾರಲ್ಲ ಎನ್ನುವವರಿದ್ದಾರೆ. ನಿಜ. ಈ ಮಣ್ಣು ಯಾರನ್ನೂ ಸಾಹುಕಾರರನ್ನಾಗಿ ಮಾಡಿಲ್ಲ, ಬರಗಾಲದಲ್ಲಿ ಜನ ಗುಳೆ ಹೋದದ್ದೂ ಇದರ ಮೇಲಿಂದಲೇ. ರಾಗಿ ಬೆಳೆದ ಅಜ್ಜಿಯ ಬೆನ್ನು ನೋವನ್ನು ಮರೆತು ಅಕ್ಕಡಿ ಸಾಲಿನ ಹಾಡು ಹೇಳುವುದು ದೂರದ ಊರಿನಲ್ಲಿ ಕೂತವರಿಗೆ ಸುಲಭ. ಆದರೆ ‘ಕಷ್ಟದ ಮಣ್ಣು’ ಎನ್ನುವುದಕ್ಕೂ ‘ಕೆಲಸಕ್ಕೆ ಬಾರದ ಮಣ್ಣು’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ದುಡಿಯುವವನ ದೂರು, ಎರಡನೆಯದು ಕೊಂಡುಕೊಳ್ಳುವವನ ಚೌಕಾಸಿ. ಕರಾವಿನ ಹಸು ಬತ್ತಿದಾಗ ಮನೆಯವರೂ ಬರಡು ಎನ್ನುತ್ತಾರೆ. ಕಸಾಯಿಯವನೂ ಅದೇ ಮಾತನ್ನೇ ಹೇಳುತ್ತಾನೆ. ಮನೆಯವರು ಮತ್ತೆ ಗಬ್ಬವಾಗಲೆಂದು ಕಾಯುತ್ತಾರೆ, ಅವನು ತಕ್ಕಡಿ ತಂದಿರುತ್ತಾನೆ.

ನೆರೆಯ ಅನಂತಪುರ ನೋಡಿದರೆ ಇನ್ನೊಂದು ಎಚ್ಚರಿಕೆಯೂ ಸಿಗುತ್ತದೆ. ಅಲ್ಲಿನ ತೆಳು ಕೆಂಪು ನೆಲದಲ್ಲಿ ಸಿರಿಧಾನ್ಯಗಳ ಜಾಗಕ್ಕೆ ಕಡಲೆಕಾಯಿ ಬಂತು. ಮಣ್ಣು ಸಡಿಲ, ಕಾಯಿ ಸುಲಭವಾಗಿ ಕಿತ್ತು ಬರುತ್ತದೆ, ಕೈಗೆ ಕಾಸು ಬರುತ್ತದೆ. ಕೆಲವೇ ದಶಕಗಳಲ್ಲಿ ಜಿಲ್ಲೆಯ ಬಿತ್ತನೆಯ ಬಹುಪಾಲು ಅದೊಂದೇ ಬೆಳೆಯಾಯಿತು. ಹತ್ತು ದಿನದ ನೀರಿನ ಮೇಲೆ ಒಂದೇ ಬೆಳೆಯ ಜೂಜು. ಹೂವು ಕಟ್ಟುವ ಹೊತ್ತಿಗೆ ಮಳೆ ಹೋದರೆ ಜಿಲ್ಲೆಗೆ ಜಿಲ್ಲೆಯೇ ಸಾಲಕ್ಕೆ ಬೀಳುತ್ತಿತ್ತು. ಅಲ್ಲಿ ಸೋತದ್ದು ಮಣ್ಣಿನ ಆಳವನ್ನು ಮರೆತ ಲೆಕ್ಕಾಚಾರ.

ಹಾಗಾದರೆ ಬೇಕಾದ್ದೇನು? ದೊಡ್ಡ ಯೋಜನೆಯೇನೂ ಅಲ್ಲ. ಮಣ್ಣಿನ ಕಾರ್ಡಿನಲ್ಲಿ ಹದಿಮೂರನೆಯ ಸಾಲು ಬರಲಿ: ಆಳ ಎಷ್ಟು, ಕೆಳಗೆ ಗರಸೋ ಬಂಡೆಯೋ, ಎಷ್ಟು ದಿನದ ನೀರು. ಒಂದು ಹಾರೆ, ಒಂದು ಅಳತೆ ಪಟ್ಟಿ ಸಾಕು. ತಯಾರಾಗಿರುವ ನಕಾಶೆಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಬರೆಸಲಿ. ಯಾವುದೇ ನೆಲವನ್ನು ಬಂಜರು ಎಂದು ಬರೆದು ಹಸ್ತಾಂತರಿಸುವ ಕಡತದಲ್ಲಿ, ಅಲ್ಲಿ ಯಾರ ದನ ಮೇಯುತ್ತದೆ, ಯಾವ ಕೆರೆಗೆ ಅದರ ನೀರು ಹರಿಯುತ್ತದೆ, ಯಾವ ಬಾವಿ ಅದರಿಂದ ತುಂಬುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದೆ ಸಹಿ ಬೀಳದಿರಲಿ. ಬೋರು ಕೊರೆಯಲು ಕೊಡುವ ಸಹಾಯಧನದ ಒಂದು ಪಾಲು ಗೋಡು ಹೊಡೆಯಲು, ಬದು ಹಾಕಲು, ಹೊದಿಕೆ ಬೆಳೆಗೆ ಹೋಗಲಿ. ಗರಸಿನ ದಿಣ್ಣೆಗೆ ರಾಜಧನ ಕಟ್ಟಿಸಿಕೊಳ್ಳುವ ಮುಂಚೆ ಅದರೊಳಗಿನ ನೀರಿಗೂ ಒಂದು ಬೆಲೆ ಹಾಕಲಿ.

ಪಠ್ಯಪುಸ್ತಕದಲ್ಲಿ ಆ ನಾಲ್ಕು ‘ಕಡಿಮೆ’ಗಳು ಇರಲಿ, ಅವು ಸುಳ್ಳಲ್ಲ. ಅವುಗಳ ಕೆಳಗೆ ಇನ್ನೊಂದು ವಾಕ್ಯ ಸೇರಿಸಿದರೆ ಸಾಕು: ಈ ಮಣ್ಣು ತಾನು ಕುಡಿಯದೆ ಬಿಟ್ಟ ನೀರನ್ನು ಬಾವಿಗೂ ಕೆರೆಗೂ ಕೊಡುತ್ತದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಓದಿ, ಮುಂದೊಂದು ದಿನ ತಹಶೀಲ್ದಾರಳಾಗಿ ಒಂದು ಕಡತದ ಮುಂದೆ ಕೂತಾಗ, ‘ಖರಾಬು’ ಎಂದು ಬರೆಯುವ ಮುಂಚೆ ಒಂದು ಕ್ಷಣ ಪೆನ್ನು ನಿಲ್ಲಿಸಿದರೆ, ಆ ಒಂದು ಮೊಳ ಮಣ್ಣು ಉಳಿದೀತು.